ಎರವಲು ಬಿರುದಿನ ಅನರ್ಥ

ನಮ್ಮವರಲ್ಲಿ ಒಂದು ಚಟವುಂಟು. ಕಣ್ಣೆದುರಿಗಿರುವ ವಸ್ತುವನ್ನು ಹೊಗಳಬೇಕಾದರೆ, ದೂರದ ಊರಿನ ಬೇರೊಂದು ವಸ್ತುವಿನ ಹೆಸರನ್ನು ಅದರ ಕೊರಳಿಗೆ ಕಟ್ಟದ ಹೊರತು ಅವರಿಗೆ ತೃಪ್ತಿಯಿಲ್ಲ. ಬೆಟ್ಟದ ಮಗ್ಗುಲಲ್ಲಿ ಒಂದು ಶಿವಾಲಯ, ಅದರ ಬಳಿಯಲ್ಲಿ ಬತ್ತದ ಒಂದು ನೀರಿನ ಸೆಲೆ ಇದ್ದರೆ ಸಾಕು. ಅದು ‘ದಕ್ಷಿಣ ಕಾಶಿ’ಯಾಗಿ ಬಿಡುವದು. ನಮ್ಮ ಗಜೇಂದ್ರಗಡದ ಕಾಲಕಾಲೇಶ್ವರನಿಗೂ ಈ ಬಿರುದು ತಪ್ಪಿಲ್ಲ. ಕರ್ನಾಟಕದಲ್ಲಿ ಇಂಥ ದಕ್ಷಿಣ ಕಾಶಿಗಳನ್ನು ಎಣಿಸಹೊರಟರೆ ಕೈಬೆರಳುಗಳು ಸಾಲವು. ಕಾಶಿಯ ಮಹಿಮೆ ಇದರಿಂದ ಹೆಚ್ಚಿತೋ ಇಲ್ಲವೋ, ಕಾಲಕಾಲೇಶ್ವರನ ಬೆಟ್ಟವನ್ನು ಬೆಟ್ಟವೆಂದು, ಅಲ್ಲಿಯ ಅಂತರಗಂಗೆಯನ್ನು ಅಂತರಗಂಗೆಯೆಂದು ನೋಡುವ ಕಣ್ಣು ಮಾತ್ರ ನಮಗೆ ಮಂಜಾಯಿತು.

ಇದೇ ಚಟದ ಇನ್ನೊಂದು ಫಲವನ್ನು ಕುರಿತು ಇಂದು ವಾಚಕರ ಮುಂದೆ ನಾಲ್ಕು ಮಾತುಗಳನ್ನಾಡಬೇಕಾಗಿದೆ. ಮಂಗಳೂರಿನ ದೀಪಸ್ತಂಭದ ಗುಡ್ಡದ ಮೇಲೆ ಸಂತ ಅಲೋಶಿಯಸ್ ಕಾಲೇಜಿಗೆ ಸೇರಿದ ಒಂದು ಪ್ರಾರ್ಥನಾಮಂದಿರವಿದೆ. ನಮ್ಮ ರೋಣ, ನರಗುಂದ, ಗಜೇಂದ್ರಗಡಗಳ ಶಾಲೆಗಳಿಂದ ಕರಾವಳಿಗೆ ಪ್ರವಾಸ ಹೋದ ಮಕ್ಕಳಲ್ಲಿ ಅನೇಕರು ಅದನ್ನು ಕಂಡವರೇ. ಮರಳಿ ಬಂದ ಮಕ್ಕಳನ್ನು ಏನು ಕಂಡಿರೆಂದು ಕೇಳಿದರೆ ಬರುವ ಉತ್ತರ ಒಂದೇ: “ಅದು ದಕ್ಷಿಣದ ಸಿಸ್ಟೈನ್ ಚ್ಯಾಪೆಲ್.” ಹೇಳಿಕೊಟ್ಟ ಗುರುಗಳಿಗೂ ಅದಕ್ಕಿಂತ ಹೆಚ್ಚು ತಿಳಿದಿರುವದಿಲ್ಲ. ಸಿಸ್ಟೈನ್ ಎಂದರೇನೆಂಬುದು ಮಕ್ಕಳಿಗೆ ಗೊತ್ತಿಲ್ಲ. ಗೊತ್ತಿಲ್ಲದ ಹೆಸರಿನಿಂದ ಕಂಡ ವಸ್ತುವನ್ನು ಮುಚ್ಚಿ ಅವರು ಮನೆಗೆ ಬಂದಿರುತ್ತಾರೆ. ಈ ಬಿರುದು ಆ ಕಟ್ಟಡಕ್ಕೆ ಮಾನವಲ್ಲ, ಅನ್ಯಾಯ. ಅದರ ಪ್ರಾಣವೆಲ್ಲಿದೆಯೋ ಅದನ್ನೇ ಈ ಬಿರುದು ಮರೆಮಾಡುತ್ತದೆ. ಇದೇ ನನ್ನ ವಾದ.

ಮೊದಲು ಇತಿಹಾಸವನ್ನು ನೋಡೋಣ. ಉನ್ನತ ಶಿಕ್ಷಣಕ್ಕಾಗಿ ತಮ್ಮಲ್ಲಿಗೆ ಯೇಸುಸಭೆಯ ಪಾದ್ರಿಗಳನ್ನು ಕಳುಹಿಸಬೇಕೆಂದು ಮಂಗಳೂರಿನ ಕ್ಯಾಥೊಲಿಕ ಜನರು ಬಹುಕಾಲ ರೋಮಿಗೆ ಮೊರೆಯಿಟ್ಟಿದ್ದರು. 1878ರ ಕೊನೆಯಲ್ಲಿ ಆ ಪಾದ್ರಿಗಳು ಬಂದರು. 1880ರಲ್ಲಿ ಕಾಲೇಜು ಆರಂಭವಾಯಿತು. ಊರಿನ ದಾನಿಗಳಾದ ಲಾರೆನ್ಸ್ ಲೋಬೋ ಪ್ರಭು ಅವರು ಗುಡ್ಡದ ನೆಲವನ್ನು ಕೊಟ್ಟರು. ಆ ನೆಲದ ಮೇಲೆ 1885ರ ಸುಮಾರಿಗೆ ಕಾಲೇಜಿನ ಕಟ್ಟಡವೂ ಪ್ರಾರ್ಥನಾಮಂದಿರವೂ ನಿಂತವು. ಆ ಮೇಲೆ ಹದಿನೈದು ವರ್ಷಗಳವರೆಗೆ ಮಂದಿರದ ಒಳಗೋಡೆಗಳಲ್ಲಿ ಈಗಿನ ಚಿತ್ರಗಳಿರಲಿಲ್ಲ. 1899ರಲ್ಲಿ ಇಟಲಿಯ ಬೆರ್ಗಮೋ ಪ್ರಾಂತದ ಸ್ಟೆತ್ಸಾನೋ ಎಂಬ ಊರಿನ ಅಂತೋನಿಯೋ ಮೊಸ್ಕೇನಿ ಬಂದು ಕುಂಚವನ್ನು ಹಿಡಿದ ಮೇಲೆ, 1901ರ ಸುಮಾರಿಗೆ ಇಂದು ನಾವು ಕಾಣುವ ಚಿತ್ರಾವಳಿಯು ಪೂರ್ಣವಾಯಿತು. ಈ ಕಾಲೇಜಿಗೆ 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಆದಕಾರಣ ಆ ಮಂದಿರವು ಈಗ ಒಂದು ವಿಶ್ವವಿದ್ಯಾಲಯದ ದೇವಮಂದಿರವೇ ಆಗಿದೆ.

ಇನ್ನು ರೋಮಿನ ಸಿಸ್ಟೈನ್ ಎಂಥದು? ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ನಾಲ್ಕನೆಯ ಸಿಕ್ಸ್ಟಸ್ ಎಂಬ ಪೋಪರು ತಮ್ಮ ಅರಮನೆಯಲ್ಲಿ ಕಟ್ಟಿಸಿದ ಮಂದಿರವದು. ಅವರ ಹೆಸರೇ ಅದಕ್ಕೆ ಬಂದಿದೆ. 1508ರಿಂದ 1512ರವರೆಗೆ ಮೈಕೆಲೆಂಜೆಲೊ ಅದರ ಮಾಳಿಗೆಗೆ ಸೃಷ್ಟಿಯ ಕಥೆಯನ್ನು ಬರೆದನು. ಆ ಮೇಲೆ 1536ರಿಂದ 1541ರವರೆಗೆ ವೇದಿಕೆಯ ಹಿಂದಿನ ಗೋಡೆಗೆ ಅಂತಿಮ ನ್ಯಾಯನಿರ್ಣಯವನ್ನು ಬರೆದನು. ಹೊಸ ಪೋಪರ ಆಯ್ಕೆ ನಡೆಯುವದು ಆ ಮಂದಿರದಲ್ಲಿಯೇ. 2025ರ ಮೇ ತಿಂಗಳಿನಲ್ಲಿಯೂ ಅಲ್ಲಿಯೇ ನಡೆಯಿತು. ಅಂದ ಬಳಿಕ ಅದು ಧರ್ಮಾಧಿಪತಿಯ ಆಸ್ಥಾನಮಂದಿರ. ಅಲ್ಲಿ ಗೋಡೆಗಳು ಅಧಿಕಾರದ ಮಾತನ್ನಾಡುತ್ತವೆ. ಜಗತ್ತಿನ ಆದಿ ಅಂತ್ಯಗಳ ನಡುವೆ ಪೀಠವನ್ನಿಟ್ಟು ತೋರಿಸುತ್ತವೆ.

ಮಂಗಳೂರಿನ ಗೋಡೆಗಳು ಯಾರ ಮಾತನ್ನಾಡುತ್ತವೆ? ಮಾಳಿಗೆಯ ನಡುಸಾಲಿನಲ್ಲಿ ಬರೆದಿರುವದು ಸೃಷ್ಟಿಯ ಕಥೆಯಲ್ಲ. ಒಬ್ಬ ಹುಡುಗನ ಕಥೆ. ಅಲೋಶಿಯಸ್ ಗೊನ್ಜಾಗನು 1568ರಲ್ಲಿ ಇಟಲಿಯ ಕಾಸ್ತಿಲ್ಯೋನೆ ಎಂಬ ಸಂಸ್ಥಾನದ ಹಿರಿಯ ಮಗನಾಗಿ ಹುಟ್ಟಿದನು. ಸಂಸ್ಥಾನದ ಹಕ್ಕು ತನ್ನದಾಗುವದಿತ್ತು. ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು, ಇನ್ನೂ ಹದಿನೆಂಟು ತುಂಬುವದರೊಳಗೆ ಯೇಸುಸಭೆಯಲ್ಲಿ ವಿದ್ಯಾರ್ಥಿಯಾಗಿ ಸೇರಿದನು. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗವು ಹಬ್ಬಿದಾಗ ರೋಗಿಗಳನ್ನು ಹೊತ್ತು ತಂದು ಆರೈಕೆ ಮಾಡಿದನು. ಅದೇ ರೋಗದ ಸೋಂಕಿನಿಂದ ಬಳಲಿ, ಜೂನ್ 21ರಂದು, ಓದು ಮುಗಿಯುವದಕ್ಕೆ ಮುಂಚೆ, 23ನೆಯ ವಯಸ್ಸಿನಲ್ಲಿ ತೀರಿಕೊಂಡನು. 1726ರಲ್ಲಿ ಅವನನ್ನು ಸಂತನೆಂದು ಸಾರಿದರು. 1729ರಲ್ಲಿ ಎಳೆಯ ವಿದ್ಯಾರ್ಥಿಗಳ ರಕ್ಷಕನೆಂದು ಘೋಷಿಸಿದರು.

ವಾಚಕರು ಇಲ್ಲಿ ಒಂದು ಗಳಿಗೆ ನಿಂತು ವಿಚಾರಿಸಬೇಕು. ಅರಮನೆಯನ್ನು ಬಿಟ್ಟು ಪಾಠಶಾಲೆಯನ್ನು ಸೇರಿ, ಪಾಠಶಾಲೆಯಿಂದ ರೋಗಿಗಳ ಬಳಿಗೆ ನಡೆದು ಪ್ರಾಣಕೊಟ್ಟ ವಿದ್ಯಾರ್ಥಿಯೊಬ್ಬನ ಕಥೆಯನ್ನು, ವಿದ್ಯಾರ್ಥಿಗಳೇ ದಿನವೂ ತಲೆಯೆತ್ತಿ ನೋಡುವಂತೆ ಅವರ ನೆತ್ತಿಯ ಮೇಲೆ ಬರೆದಿದ್ದಾರೆ. ಆ ಕಟ್ಟಡದ ಪ್ರಾಣ ಇದೇ. ವಿದ್ಯೆಯು ಯಾತಕ್ಕೆ ಎಂಬ ಪ್ರಶ್ನೆಗೆ ಅದು ಬಣ್ಣದಲ್ಲಿ ಕೊಟ್ಟ ಉತ್ತರ. ಈಗ ಅದಕ್ಕೆ ‘ಸಿಸ್ಟೈನ್’ ಎಂಬ ಬಿರುದನ್ನು ಕಟ್ಟಿರಿ, ಏನಾಯಿತು? ವಿದ್ಯಾರ್ಥಿಯು ಮಾಯವಾದನು, ಪೋಪರ ಆಸ್ಥಾನವು ಬಂದು ಕುಳಿತಿತು. ಯಾವ ಅರಮನೆಯ ವೈಭವವನ್ನು ಆ ಹುಡುಗನು ಬಿಟ್ಟು ಹೋದನೋ, ಅಂಥ ವೈಭವದ ಹೆಸರಿನಿಂದಲೇ ಅವನ ಮಂದಿರವನ್ನು ಹೊಗಳುತ್ತಿದ್ದೇವೆ! ಇದಕ್ಕಿಂತ ದೊಡ್ಡ ವಿಪರ್ಯಾಸವುಂಟೆ?

ಚಿತ್ರಕಾರನಿಗಾದ ಅನ್ಯಾಯವೂ ಚಿಕ್ಕದಲ್ಲ. ಮೊಸ್ಕೇನಿಯು ಬೆರ್ಗಮೋ ಪಟ್ಟಣದ ಕರ್ರಾರಾ ಎಂಬ ಕಲಾಶಾಲೆಯಲ್ಲಿ ಕಲಿತವನು. 1889ರಲ್ಲಿ ಯೇಸುಸಭೆಯನ್ನು ಸೇರಿದರೂ ಪಾದ್ರಿಯಾಗಲಿಲ್ಲ. ಕೈಕೆಲಸದ ಸಹೋದರನಾಗಿಯೇ ಉಳಿದನು. ಮಂಗಳೂರಿಗೆ ಬಂದಾಗ ಅವನಿಗೆ 45 ವರ್ಷ. ಆರು ವರ್ಷಗಳ ತರುವಾಯ, 1905ರಲ್ಲಿ, ಕೊಚ್ಚಿಯಲ್ಲಿ ತೀರಿಹೋದನು. ಅವನು ಮೈಕೆಲೆಂಜೆಲೊನಲ್ಲ, ಆಗಬೇಕೆಂದು ಹೊರಟವನೂ ಅಲ್ಲ. ಅವನ ಶೈಲಿಯು ಹತ್ತೊಂಬತ್ತನೆಯ ಶತಮಾನದ ಇಟಲಿಯ ಕಲಾಶಾಲೆಗಳ ಮೃದುವಾದ, ನಯವಾದ ಶೈಲಿ. ನಾಲ್ಕು ನೂರು ವರ್ಷಗಳ ಹಿಂದಿನ ಮಹಾಪ್ರತಿಭೆಯ ಪಕ್ಕದಲ್ಲಿ ಇವನನ್ನು ನಿಲ್ಲಿಸಿದರೆ, ಬಲ್ಲವರು ನಗುವರು. ಅರಿಯದವರು ಸುಳ್ಳು ಹೆಮ್ಮೆಪಡುವರು. ಇಬ್ಬರೂ ಅವನ ಕೆಲಸವನ್ನು ನೋಡುವದಿಲ್ಲ.

ನೋಡುವವರಿಗೆ ಅಲ್ಲಿ ಕಲಿಯತಕ್ಕದ್ದು ಬಹಳವಿದೆ. ಗೋಡೆಯ ಚಿತ್ರಗಳಲ್ಲಿ ಬಹುಭಾಗವು ಹಸಿಗಾರೆಯ ಮೇಲಿನ ಚಿತ್ರಗಳು. ಸುಣ್ಣದ ಗಾರೆಯನ್ನು ಆ ದಿನ ಬರೆಯುವಷ್ಟೇ ಜಾಗಕ್ಕೆ ಬಳಿದು, ಅದು ಒಣಗುವದರೊಳಗೆ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆಯು ಗಾಳಿಯನ್ನು ಹೀರಿ ಕಲ್ಲಾಗುವಾಗ ಬಣ್ಣವೂ ಆ ಕಲ್ಲಿನಲ್ಲಿ ಸೇರಿಹೋಗುತ್ತದೆ. ಇಲ್ಲಿ ಅಳಿಸಿ ತಿದ್ದುವ ಮಾತಿಲ್ಲ. ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಮಾಳಿಗೆಗಾದರೋ ಬಟ್ಟೆಯ ಮೇಲೆ ಎಣ್ಣೆಬಣ್ಣದಿಂದ ಬರೆದ ಚಿತ್ರಗಳನ್ನು ಹೊಂದಿಸಿದ್ದಾರೆ. ಕಂಬ, ಕಟ್ಟು, ಹೂಬಳ್ಳಿಗಳು ಕೆತ್ತಿದಂತೆ ಉಬ್ಬಿ ಕಾಣುವಲ್ಲಿ ಕೈಯಿಟ್ಟು ನೋಡಿದರೆ ಗೋಡೆಯು ನುಣ್ಣಗೆ ಸಮವಾಗಿರುತ್ತದೆ. ನೆರಳು ಬೆಳಕುಗಳನ್ನು ಬಲ್ಲ ಕುಂಚವೊಂದರಿಂದ ಆದ ಕೆಲಸವದು. ಸಾವಿರಾರು ಚದರಡಿಗಳ ಇಷ್ಟು ಕೆಲಸವು ಎರಡು ವರ್ಷಗಳಲ್ಲಿ, ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ಆಯಿತು. ‘ಸಿಸ್ಟೈನ್’ ಎಂದು ಒಂದು ಮಾತು ಒಗೆದು ಹೊರಬರುವವನಿಗೆ ಇದರಲ್ಲಿ ಯಾವದೂ ಕಾಣುವದಿಲ್ಲ.

ಇಷ್ಟು ಹೇಳುವದರೊಳಗೆ ಬೇರೊಂದು ಪಕ್ಷದ ಮಹನೀಯರು ಎದ್ದು ನಿಲ್ಲುವರು. “ಬಿರುದು ಬೇಡವೆಂಬುದು ಸರಿ, ಆದರೆ ಆ ಕಟ್ಟಡವೇ ನಮಗೆ ಸಂಬಂಧಪಟ್ಟದ್ದಲ್ಲ. ಕಟ್ಟಿದವರು ಪರದೇಶದವರು, ಬರೆದವನು ಪರದೇಶದವನು, ಮತವೂ ಹೊರಗಿನಿಂದ ಬಂದದ್ದು. ಕರ್ನಾಟಕದ ವಾಸ್ತುವಿನ ಚರಿತ್ರೆಯಲ್ಲಿ ಅದಕ್ಕೇನು ಸ್ಥಾನ? ನಮ್ಮ ಜಿಲ್ಲೆಯ ಪತ್ರಿಕೆಗೆ ಅದರ ಗೊಡವೆಯೇಕೆ?” ಎಂಬುದು ಅವರ ಆಕ್ಷೇಪ. ಮೇಲುನೋಟಕ್ಕೆ ಇದು ಮೊದಲಿನವರ ವಾದಕ್ಕೆ ತದ್ವಿರುದ್ಧವಾಗಿ ತೋರುವದು. ನಿಜವಾಗಿ ನೋಡಿದರೆ ಇವೆರಡೂ ಒಂದೇ ತಾಯಿಯ ಮಕ್ಕಳು. ಒಬ್ಬರು ರೋಮಿನ ಹೆಸರಿನಿಂದ ಹೊಗಳುತ್ತಾರೆ. ಇನ್ನೊಬ್ಬರು ರೋಮಿನ ಹೆಸರಿನಿಂದಲೇ ತಳ್ಳಿಹಾಕುತ್ತಾರೆ. ಮಂಗಳೂರಿನ ಗುಡ್ಡದ ಮೇಲೆ ನಿಂತ ಕಟ್ಟಡವನ್ನು ಮಂಗಳೂರಿನದೆಂದು ಕಾಣುವ ಕಷ್ಟವನ್ನು ಇಬ್ಬರೂ ತೆಗೆದುಕೊಳ್ಳುವದಿಲ್ಲ.

ನೆಲವನ್ನು ಕೊಟ್ಟವರು ಊರಿನವರು. ಕಾಲೇಜು ಬೇಕೆಂದು ಮೊರೆಯಿಟ್ಟವರು ಊರಿನವರು. ಅಲ್ಲಿ ಓದಿದ ಮಕ್ಕಳು ಕೊಂಕಣಿ, ತುಳು, ಕನ್ನಡಗಳನ್ನಾಡುವ ಎಲ್ಲ ಮತಗಳ ಮನೆಗಳಿಂದ ಬಂದವರು. ಒಂದೂಕಾಲು ನೂರು ವರ್ಷಗಳಿಂದ ಆ ಬಣ್ಣವನ್ನು ಮಳೆಯ ತೇವದಿಂದ ಕಾಯುತ್ತ ಬಂದವರು ಈ ನೆಲದವರು. ಇಷ್ಟಾದ ಮೇಲೂ ಪರಕೀಯವೆನ್ನುವದಾದರೆ, ಯಾವ ಕಟ್ಟಡವು ಸ್ವಕೀಯವಾದೀತು?

ಮತದ ಮಾತನ್ನು ಎತ್ತುವವರಿಗೆ ದೂರ ಹೋಗದೆ ನಮ್ಮ ಸೀಮೆಯಿಂದಲೇ ಉತ್ತರ ಹೇಳಬಹುದು. ಹಿಂದಿನ ರೋಣ ತಾಲೂಕಿನ ನರೇಗಲ್ಲಿನಲ್ಲಿ 950ರಲ್ಲಿ ಗಂಗರ ಬೂತುಗನ ರಾಣಿ ಪದ್ಮಬ್ಬರಸಿಯು ಜೈನ ಬಸದಿಯನ್ನು ಕಟ್ಟಿಸಿದಳು. ಅದಕ್ಕೆ ಸೇರಿದ ದಾನಶಾಲೆಗೂ ದತ್ತಿ ದೊರೆಯಿತು. ಮುಂದಿನ ಶತಮಾನದಲ್ಲಿ ಸೂಡಿಯಲ್ಲಿ ಕಾಳಾಮುಖ ಶೈವಾಚಾರ್ಯರ ಮಠಗಳು ಬೆಳಗಿದವು. ಇಂದು ನಮ್ಮ ಓಣಿಗಳಲ್ಲಿ ಕಾಳಾಮುಖರೊಬ್ಬರೂ ಇಲ್ಲ. ಆದರೂ ಸೂಡಿಯ ಗುಡಿಗಳನ್ನು ನಮ್ಮವೆಂದು ಹೇಳಲು ನಮಗೆ ಸಂಕೋಚವಿಲ್ಲ. ಬಸದಿಯ ಶಾಸನವನ್ನೋದಲು ಜೈನನಾಗಬೇಕೆಂದು ಯಾರೂ ಹೇಳುವದಿಲ್ಲ. ಹತ್ತು ಶತಮಾನಗಳ ಹಿಂದಿನ ಬೇರೆ ಮತಕ್ಕೆ ಕೊಡುವ ಔದಾರ್ಯವನ್ನು ಒಂದು ಶತಮಾನದ ಹಿಂದಿನ ಬೇರೆ ಮತಕ್ಕೆ ಏಕೆ ಕೊಡಬಾರದು? ಕಾಲವು ಹಳೆಯದಾದರೆ ಮಾತ್ರ ಔದಾರ್ಯ ಹುಟ್ಟುವದೆಂದರೆ, ಅದು ಔದಾರ್ಯವಲ್ಲ, ಮರೆವು.

ಇನ್ನೂ ಮುಖ್ಯವಾದ ಮಾತೊಂದಿದೆ. ವಿದ್ಯಾಸ್ಥಾನದ ನಡುವೆ ದೇವಮಂದಿರವೆಂಬ ಕಲ್ಪನೆಯು ಕನ್ನಡನಾಡಿಗೆ ಹಡಗಿನಲ್ಲಿ ಬಂದದ್ದಲ್ಲ. ಈಗಿನ ಕಲಬುರ್ಗಿ ಜಿಲ್ಲೆಯ ನಾಗಾವಿಯಲ್ಲಿ ಚಾಲುಕ್ಯ ಸೋಮೇಶ್ವರನ ಮಂತ್ರಿಯಾದ ಮಧುಸೂದನನು ಸ್ಥಾಪಿಸಿದ ಘಟಿಕಾಶಾಲೆಯ ಶಾಸನವು 1058ರದು. ವೇದವನ್ನೋದುವ 200 ವಿದ್ಯಾರ್ಥಿಗಳಿಗೂ ಶಾಸ್ತ್ರವನ್ನೋದುವ ಇನ್ನೂ ಹಲವರಿಗೂ, ಅವರ ಉಪಾಧ್ಯಾಯರಿಗೂ, ಗ್ರಂಥಗಳನ್ನು ಕಾಯುವ 6 ಮಂದಿ ಸರಸ್ವತೀ ಭಂಡಾರಿಗರಿಗೂ ಅಲ್ಲಿ ಜೀವನವನ್ನು ಏರ್ಪಡಿಸಿದ್ದರು. ಅದು ದೇವಾಲಯದ ಆಶ್ರಯದಲ್ಲಿ ಬೆಳೆದ ವಿದ್ಯಾಲಯ. ನಮ್ಮ ಸೀಮೆಯ ಗುಡಿ, ಮಠಗಳ ದತ್ತಿಗಳಲ್ಲಿಯೂ ದೇವರ ದೀಪ, ನೈವೇದ್ಯಗಳ ಜೊತೆಗೆ ತಪೋಧನರ ಮತ್ತು ಓದುವವರ ಗ್ರಾಸ, ವಸ್ತ್ರಗಳ ಮಾತು ಬರುವದು ಹೊಸದಲ್ಲ. ದೇವರ ಮನೆ ಒಂದು ಕಡೆ, ಓದಿನ ಮನೆ ಇನ್ನೊಂದು ಕಡೆ ಎಂಬ ವಿಂಗಡಣೆಯನ್ನು ಆ ಕಾಲದವರು ಮಾಡಲಿಲ್ಲ. ಮಂಗಳೂರಿನ ಗುಡ್ಡದ ಮೇಲಿನ ಮಂದಿರವನ್ನು ನಾಗಾವಿ, ಸೂಡಿಗಳ ಸಾಲಿನಲ್ಲಿಟ್ಟು ನೋಡಿದರೆ ಅದರ ಅರ್ಥವು ನಮಗೆ ಹೊಳೆಯುತ್ತದೆ; ರೋಮಿನ ಅರಮನೆಯ ಸಾಲಿನಲ್ಲಿಟ್ಟರೆ ಹೊಳೆಯುವದಿಲ್ಲ. ಮತ ಬೇರೆ, ಶೈಲಿ ಬೇರೆ, ಕಾಲ ಬೇರೆ. ಆದರೆ ಕಟ್ಟಡವು ಮಾಡಹೊರಟ ಕೆಲಸ ಒಂದೇ.

ಮೂರನೆಯ ಆಕ್ಷೇಪವು ವ್ಯವಹಾರಜ್ಞರದು. “ಬಿರುದಿನಿಂದ ಯಾರಿಗೇನು ನಷ್ಟ? ಹೆಸರು ಕೇಳಿ ಜನ ಬರುತ್ತಾರೆ, ಬಂದವರಿಂದ ಕಟ್ಟಡ ಉಳಿಯುತ್ತದೆ” ಎಂದು ಅವರು ಹೇಳುವರು. ಜನ ಬರುವದು ನಿಜ. ಆದರೆ ಬಂದವರಿಂದ ಕಟ್ಟಡ ಉಳಿಯುವದೆಂಬ ಮಾತನ್ನು ಪರೀಕ್ಷಿಸಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ಮಂಗಳೂರು. ಹೆಂಚು ಸರಿದರೆ ಮಾಳಿಗೆಯ ಬಟ್ಟೆ ನೆನೆಯುತ್ತದೆ, ಗೋಡೆಗೆ ತೇವವೇರಿದರೆ ಗಾರೆಯೊಳಗಿನ ಲವಣವು ಹೊರಬಂದು ಬಣ್ಣವನ್ನು ಪುಡಿಮಾಡುತ್ತದೆ, ಬೂಷ್ಟು ಹಿಡಿಯುತ್ತದೆ. 1990ರ ದಶಕದಲ್ಲಿ ತಜ್ಞರನ್ನು ಕರೆಯಿಸಿ ಆ ಚಿತ್ರಗಳನ್ನು ಶುದ್ಧಿಗೊಳಿಸಿ ಸರಿಪಡಿಸಬೇಕಾಯಿತು. ಈ ಕಾಳಜಿಯನ್ನು ವಹಿಸಿದವರು ನೋಡಿ ಹೋದ ಪ್ರವಾಸಿಗಳಲ್ಲ. ದಿನವೂ ಅಲ್ಲಿ ಪ್ರಾರ್ಥಿಸುವವರು, ಪಕ್ಕದಲ್ಲಿ ಪಾಠ ಹೇಳುವವರು. ಕಟ್ಟಡವನ್ನು ಉಳಿಸುವದು ಬಿರುದಲ್ಲ, ಬಳಕೆ, ನೋಟವಲ್ಲ, ನಿಗಾ.

ಈಗ ದೃಷ್ಟಿಯನ್ನು ನಮ್ಮ ಕಡೆಗೆ ತಿರುಗಿಸೋಣ. ಈ ಲೇಖನವು ಹುಟ್ಟಿದ್ದೇ ಅದಕ್ಕಾಗಿ. ಸೂಡಿಯು ಒಂದು ಕಾಲದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ರಾಜಧಾನಿ. ಚಾಲುಕ್ಯ ರಾಜಪುತ್ರಿಯಾದ ಅಕ್ಕಾದೇವಿಯು ಅಲ್ಲಿಂದ ಆಳಿದಳು. ನಾಗದೇವನೆಂಬ ಅಧಿಕಾರಿಯು 1060ರ ಸುಮಾರಿಗೆ ಅಲ್ಲಿ ನಾಗೇಶ್ವರನ ಗುಡಿಯನ್ನು ಕಟ್ಟಿಸಿ, ಅದರ ಆಡಳಿತವನ್ನು ಸೋಮೇಶ್ವರ ಪಂಡಿತರೆಂಬ ಆಚಾರ್ಯರಿಗೆ ಒಪ್ಪಿಸಿದನು. ಅಲ್ಲಿಯ ಎರಡು ಶಿಖರಗಳ ಗುಡಿಯನ್ನು ಜನರು ‘ಜೋಡುಕಳಸದ ಗುಡಿ’ ಎನ್ನುತ್ತಾರೆ. ಈ ಹೆಸರನ್ನು ಸ್ವಲ್ಪ ಗಮನಿಸಿರಿ. ಯಾವ ಒಕ್ಕಲಿಗನು, ಯಾವ ದನಗಾಹಿಯು ಇದನ್ನು ಮೊದಲು ಆಡಿದನೋ ತಿಳಿಯದು. ಆದರೆ ಅವನು ಗುಡಿಯ ಕಡೆಗೆ ನೋಡಿದ್ದನು! ಎರಡು ಕಳಸಗಳು ಕಂಡವು, ಜೋಡುಕಳಸವೆಂದನು. ಕಾಶಿಯನ್ನೂ ಕರೆಯಲಿಲ್ಲ, ಹಂಪೆಯನ್ನೂ ಕರೆಯಲಿಲ್ಲ. ಗಜೇಂದ್ರಗಡದಿಂದ ಬಹುದೂರವಿಲ್ಲದ ಇಟಗಿಯಲ್ಲಿ 1112ರ ಶಾಸನವು ಮಹಾದೇವನ ಗುಡಿಯನ್ನು ದೇವಾಲಯಗಳ ಚಕ್ರವರ್ತಿಯೆಂದು ಹೊಗಳಿತು. ಅದು ಅತಿಶಯೋಕ್ತಿಯೇ ಇರಬಹುದು. ಆದರೆ ಎರವಲಿನ ಮಾತಲ್ಲ. ತನ್ನ ಗುಡಿಯನ್ನು ತನ್ನ ಕಣ್ಣಿನಿಂದ ಕಂಡು, ತನ್ನ ಮಾತಿನಿಂದ ಹೊಗಳಿದ ಧೈರ್ಯವದು. ಅಕ್ಷರವನ್ನು ಕಲಿತ ನಾವು ಆ ಧೈರ್ಯವನ್ನು ಕಳೆದುಕೊಂಡಿದ್ದೇವೆ.

ಪರಿಣಾಮವೇನೆಂದರೆ, ನಮ್ಮ ಮಕ್ಕಳು ಮಂಗಳೂರಿಗೆ ಹೋಗಿ ‘ಸಿಸ್ಟೈನ್’ ನೋಡಿ ಬರುತ್ತಾರೆ. ಬಸ್ಸಿನಲ್ಲಿ ಒಂದು ತಾಸಿನೊಳಗಿನ ಸೂಡಿಯನ್ನು ಅನೇಕರು ಕಂಡಿಲ್ಲ. ಸೂಡಿಗೆ ಎರವಲು ಬಿರುದು ಇನ್ನೂ ದೊರೆತಿಲ್ಲವಲ್ಲ! ಯಾರಾದರೂ ನಾಳೆ ಅದನ್ನು ಎಲ್ಲೋರೆಯ ತಂಗಿಯೆಂದೋ ಅಜಂತೆಯ ಸೋದರಿಯೆಂದೋ ಕರೆದರೆ ಬಸ್ಸುಗಳು ಸಾಲುಗಟ್ಟಿ ಬಂದಾವು. ಆಗಲೂ ನಾಗಕುಂಡದ ಮೆಟ್ಟಿಲುಗಳ ಜೋಡಣೆಯನ್ನು ಯಾರೂ ನೋಡಲಾರರು; ಬಿರುದನ್ನು ನೋಡಿ ತಿರುಗುವರು. ಬೇಲಿ ಹಾಕಿ ಫಲಕ ನೆಟ್ಟ ಮಾತ್ರಕ್ಕೆ ಗುಡಿಯು ಉಳಿಯಲಾರದು. ಮಂಗಳೂರಿನ ಮಂದಿರಕ್ಕೆ ನೆರೆಯ ಕಾಲೇಜು ಇರುವಂತೆ, ಸೂಡಿಯ ಗುಡಿಗೆ ನೆರೆಯ ಶಾಲೆಯು ಇರಬೇಕು. ನಮ್ಮ ಪ್ರವಾಸಿ ಗುರುಗಳು ಆ ಗುಡ್ಡದಿಂದ ಹೊತ್ತು ತರಬೇಕಾದದ್ದು ಈ ಪಾಠವನ್ನು, ತರುತ್ತಿರುವದು ಬಿರುದನ್ನು.

ಆದಕಾರಣ ನಮ್ಮ ಸೀಮೆಯ ಶಿಕ್ಷಕರಿಗೂ ಪಾಲಕರಿಗೂ ಎರಡೇ ವಿಜ್ಞಾಪನೆಗಳು. ಒಂದನೆಯದು: ಕರಾವಳಿಯ ಪ್ರವಾಸಕ್ಕೆ ಹೊರಡುವ ಪ್ರತಿಯೊಂದು ಶಾಲೆಯೂ ಮೊದಲು ಒಂದು ದಿನವನ್ನು ಸೂಡಿಗೂ ಇಟಗಿಗೂ ಕೊಡಲಿ. ಎರಡನೆಯದು: ಎಲ್ಲಿಗೇ ಹೋಗಲಿ, ಇದು ಯಾವದರ ಹಾಗಿದೆಯೆಂದು ಮಕ್ಕಳಿಗೆ ಹೇಳಿಕೊಡುವದನ್ನು ಬಿಟ್ಟು, ಮೂರು ಪ್ರಶ್ನೆಗಳನ್ನು ಅವರ ಮುಂದಿಡಲಿ. ಇದನ್ನು ಯಾರಿಗಾಗಿ ಕಟ್ಟಿದರು? ಯಾವದರಿಂದ, ಹೇಗೆ ಕಟ್ಟಿದರು? ಈಗ ಇದನ್ನು ಯಾರು ಕಾಯುತ್ತಾರೆ? ಈ ಮೂರಕ್ಕೆ ಉತ್ತರವನ್ನು ಹುಡುಕಿದ ಹುಡುಗನು ಮಂಗಳೂರಿನ ಮಾಳಿಗೆಯ ಕೆಳಗೆ ನಿಂತಾಗ, ತನ್ನ ವಯಸ್ಸಿಗೆ ಬಹಳ ದೂರವಲ್ಲದ ವಿದ್ಯಾರ್ಥಿಯೊಬ್ಬನು ರೋಗಿಯನ್ನು ಆರೈಕೆ ಮಾಡಿದ ಕಥೆಯನ್ನು ಕಾಣುವನು. ಸೂಡಿಯಲ್ಲಿ ನಿಂತಾಗ, ಆ ಹಾಳುಬಿದ್ದ ಅಂಗಳದಲ್ಲಿ ಒಮ್ಮೆ ಓದುವವರ ದನಿಯಿತ್ತೆಂಬುದನ್ನು ತಾನೇ ಊಹಿಸುವನು.

ಸಂತ ಅಲೋಶಿಯಸನ ಮಂದಿರಕ್ಕೆ ಅವನ ಹೆಸರೇ ಸಾಕು. ಜೋಡುಕಳಸದ ಗುಡಿಗೆ ಅದರ ಕಳಸಗಳೇ ಸಾಕು. ಇನ್ನೊಬ್ಬರ ಹೆಸರಿನಿಂದ ಹೊಗಳಿಸಿಕೊಳ್ಳುವ ದೈನ್ಯವನ್ನು ನಾವು ಬಿಟ್ಟ ದಿನವೇ ಈ ನಾಡಿನ ಕಟ್ಟಡಗಳು ತಮ್ಮ ಮಾತನ್ನು ತಾವೇ ಆಡುವವು. ಕೇಳುವ ಕಿವಿಯನ್ನು ಸಿದ್ಧಪಡಿಸುವದು ಓದುಬಲ್ಲ ಮನೆಗಳ ಹೊಣೆ.